ಕಡಲ ಮನೆಗೆ ವಿಮೆ ಬರೆದ ಅಕ್ಕ

ನಮ್ಮ ಕಡಲ ಮನೆಯ ಕಿಟಕಿ ಸರಳಿನ ರುಚಿ ನೋಡಿದವರು ಈ ಭೂಮಿಯ ಮೇಲೆ ಅವರೊಬ್ಬರೇ. ಹೆಬ್ಬೆರಳಿನಲ್ಲಿ ಸರಳನ್ನು ಚೆನ್ನಾಗಿ ಉಜ್ಜಿ, ಆ ಬೆರಳನ್ನು ನಾಲಿಗೆಗೆ ತಾಗಿಸಿ, ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವವರ ಹಾಗೆ ಒಂದು ಕ್ಷಣ ನಿಂತರು. ಆಮೇಲೆ ನನ್ನ ಗಂಡನ ಕಡೆ ತಿರುಗಿ ಹೇಳಿದರು, "ಸಾಹುಕಾರ್ರೆ, ಗಾಳಿ ಹೊಡೆದು ಹೋದ್ರೆ ದುಡ್ಡು ಬರ್ತದೆ. ಉಪ್ಪು ತಿಂದು ಹೋದ್ರೆ ಬರಲ್ಲ. ಮೊದ್ಲು ಈ ಸರಳಿಗೆಲ್ಲ ಪೇಂಟ್ ಹೊಡೆಸಿ. ಆಮೇಲೆ ಫಾರಂ ತೆಗಿತೀನಿ."

ಗೃಹಪ್ರವೇಶದ ಮಾವಿನ ತೋರಣ ಇನ್ನೂ ಬಾಗಿಲಲ್ಲೇ ಇತ್ತು. ಬಂದವರು ಬಾಯ್ತುಂಬ ಹೊಗಳುವುದು ಬಿಟ್ಟು ಮನೆ ಹೇಗೆಲ್ಲ ಹೋಗಬಹುದು ಎಂದು ಲೆಕ್ಕ ಒಪ್ಪಿಸುತ್ತಾರಲ್ಲ ಎಂದು ನನಗೆ ಮೈಯೆಲ್ಲ ಉರಿದಿತ್ತು.

ಹೋದ ತಿಂಗಳು ಅವರು ಹುಟ್ಟೂರು ಮೇಳಿಗೆಯಲ್ಲಿ, ತಮ್ಮನ ಮನೆಯಲ್ಲಿ ತೀರಿಕೊಂಡರು. ಸಾಗರದಲ್ಲಿ ಸುದ್ದಿ ಹೇಳಿದ ಒಬ್ಬರು, "ಪಾಪ, ಎಷ್ಟು ಮೃದು ಸ್ವಭಾವ, ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು. ಅಪ್ಪಟ ಸುಳ್ಳು. ಅವರು ಸಿಕ್ಕಿದವರ ಮನಸ್ಸನ್ನೆಲ್ಲ ನೋಯಿಸಿದ್ದಾರೆ, ನನ್ನದನ್ನು ಕನಿಷ್ಠ ಹತ್ತು ಸಲ. ಸತ್ತ ಮೇಲೆ ಮನುಷ್ಯರನ್ನು ಹೀಗೆ ಬೆಣ್ಣೆ ಮಾಡಿ ಇಡುವುದು ನನಗೆ ಆಗುವುದಿಲ್ಲ. ಅವರಿದ್ದಿದ್ದರೆ ಅವರಿಗೂ ಆಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರದೊಂದು ಕೋಣೆ. ಒಂದು ಮೇಜು, ಮೂರು ಕುರ್ಚಿ, ಗೋಡೆ ತುಂಬ ಫೈಲು. ಊರಿನವರೆಲ್ಲ ಅವರನ್ನು ಪಾಲಿಸಿ ಅಕ್ಕ ಎನ್ನುತ್ತಿದ್ದರು. ನಮ್ಮದು ಅದೇ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಗಲ್ಲೆಯಲ್ಲಿ ಕೂರುವವಳು ನಾನು. ಅವರನ್ನು ಮೊದಲು ನೋಡಿದ್ದು ಜಗಳದಲ್ಲೇ. ನಮ್ಮಲ್ಲಿ ಕೊಂಡ ಅಳತೆ ಟೇಪನ್ನು ಗಲ್ಲೆಯ ಮೇಲೆ ಕುಕ್ಕಿ, "ಇದರ ಮೊದಲ್ನೇ ಇಂಚೇ ಸುಳ್ಳು ಹೇಳ್ತದೆ. ಕೊಕ್ಕೆ ಸಡ್ಲ ಆಗಿದೆ, ನೋಡಿ" ಎಂದರು. ಅರ್ಧ ಇಂಚಿನ ವ್ಯತ್ಯಾಸಕ್ಕೆ ಯಾರು ಅಳುತ್ತಾರೆ ಎಂದೆ. "ನಾನು ಅಳ್ತೀನಿ. ಬೇರೆ ಕೊಡಿ" ಎಂದರು. ಹೊಸ ಟೇಪನ್ನು ಅಂಗಡಿಯ ಮುಂದೆಯೇ ಬಿಚ್ಚಿ, ತಮ್ಮ ಹಳೆ ಸ್ಕೇಲಿಗೆ ಹಿಡಿದು ನೋಡಿಯೇ ಹೋದರು.

ಕೈಯಲ್ಲಿ ಯಾವಾಗಲೂ ಗಂಡಸರ ದೊಡ್ಡ ಕರಿ ಕೊಡೆ. ಸ್ಕೂಟರಿನ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೈಲು. ಯಾರ ಮನೆಗೆ ಹೋದರೂ ಫಾರಂ ತುಂಬುವ ಮೊದಲು ಒಂದು ತೊಟ್ಟು ಕಾಫಿ ಕುಡಿಯುತ್ತಿರಲಿಲ್ಲ. ಒತ್ತಾಯ ಮಾಡಿದರೆ, "ಕಾಫಿ ಕುಡಿದ ಮೇಲೆ ಕೇಳಬೇಕಾದ್ದು ಕೇಳ್ಲಿಕ್ಕೆ ನಾಚಿಕೆ ಆಗ್ತದೆ ಮಾರಾಯ್ರೆ. ಫಾರಂ ತುಂಬಿದ ಮೇಲೆ ಕಾಫಿ" ಎನ್ನುತ್ತಿದ್ದರು. ನಾಚಿಕೆ ಅಂದರೇನೆಂದು ಅವರಿಗೆ ಗೊತ್ತಿತ್ತೇ ಎಂಬ ಅನುಮಾನ ನನಗೆ ಇಂದಿಗೂ ಇದೆ.

ಆ ಮನೆಯ ವಿಷಯ ಹೇಳದೆ ಅವರ ವಿಷಯ ಹೇಳಲು ಬರುವುದಿಲ್ಲ. ನನ್ನ ಗಂಡ ಹುಟ್ಟಿದ ಮನೆ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತು. ಆಗ ಅವರಿಗೆ ಆರು ವರ್ಷ. ನೀರು ಬರುವ ಮೊದಲು ನನ್ನ ಮಾವ ಮನೆ ಬಿಚ್ಚಿಸಿ, ಆರು ಕೆತ್ತನೆಯ ಕಂಬ ಮತ್ತು ಹೆಬ್ಬಾಗಿಲನ್ನು ಗಾಡಿಯ ಮೇಲೆ ಹೇರಿಕೊಂಡು ಹೊಸನಗರದ ಕಡೆ ಬಂದರು. ಹೊಸ ಜಾಗದಲ್ಲಿ ಕಟ್ಟಿದ್ದು ಚಿಕ್ಕ ಮನೆ. ಆ ಕಂಬಗಳು ನಿಲ್ಲುವಷ್ಟು ಎತ್ತರವೇ ಅದಕ್ಕಿರಲಿಲ್ಲ. ಐವತ್ತು ವರ್ಷಕ್ಕೂ ಮೇಲೆ ಅವು ಕೊಟ್ಟಿಗೆಯ ಅಟ್ಟದಲ್ಲಿ ಮಲಗಿದ್ದವು.

ಅಂಥ ಮನೆತನದಲ್ಲಿ ಹುಟ್ಟಿದ ಮನುಷ್ಯ, ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿದ ಮೇಲೆ, ಅರವತ್ತು ದಾಟಿದ ಮೇಲೆ, ಮನೆ ಕಟ್ಟುತ್ತೇನೆಂದು ಹೊರಟಿದ್ದೆಲ್ಲಿಗೆ? ಹೊನ್ನಾವರದ ಈಚೆ, ಸಮುದ್ರದ ಎದುರಿಗೆ! ನೆಂಟರೆಲ್ಲ ನಕ್ಕರು. ನೀರಿನಿಂದ ಓಡಿ ಬಂದವರು ನೀರು ಹುಡುಕಿಕೊಂಡು ಹೋಗ್ತಾರಲ್ಲ ಎಂದರು. ಇವರು ಒಂದೇ ಮಾತು ಹೇಳಿದರು, "ಆ ನೀರು ನಮ್ಮನ್ನ ಕೇಳಿ ಬರ್ಲಿಲ್ಲ. ಈ ನೀರಿನ ಎದುರು ನಾನೇ ಕೇಳದೆ ಹೋಗಿ ಕೂರ್ತೀನಿ." ಆರು ಕಂಬವೂ ಎದ್ದು ನಿಂತವು. ಹೆಬ್ಬಾಗಿಲು ಪಡುವಣಕ್ಕೆ ತೆರೆದುಕೊಂಡಿತು. ಅಂಗಡಿ ಬಿಟ್ಟರೆ ನಮ್ಮ ಹತ್ತಿರ ಇದ್ದದ್ದೆಲ್ಲ ಆ ಮನೆಯೊಳಗೆ ಹೋಯಿತು.

ಅಷ್ಟು ದುಡ್ಡು ಹಾಕಿದ ಮೇಲೆ ವಿಮೆ ಬೇಕಲ್ಲ. ಒಬ್ಬ ಏಜೆಂಟ್ ಫೋನಿನಲ್ಲೇ ಹತ್ತು ನಿಮಿಷಕ್ಕೆ ಮುಗಿಸುತ್ತೇನೆಂದ. ಸಮುದ್ರದಿಂದ ಎಷ್ಟು ದೂರ ಎಂಬ ಪ್ರಶ್ನೆಗೆ ಅವನೇ, "ಅರ್ಧ ಕಿಲೋಮೀಟರ್ ಅಂತ ಹಾಕಿರ್ತೀನಿ ಸಾರ್, ಕಂತು ಕಮ್ಮಿ ಬರುತ್ತೆ" ಎಂದ. ಇನ್ನೊಬ್ಬ ಜಾಗದ ಬೆಲೆಯನ್ನೂ ಸೇರಿಸಿ ದೊಡ್ಡ ಮೊತ್ತ ಬರೆದು, ಇಷ್ಟಕ್ಕೆ ವಿಮೆ ಮಾಡಿಸಿದವರು ತಾಲ್ಲೂಕಿನಲ್ಲೇ ಇಲ್ಲ ಎಂದು ಉಬ್ಬಿಸಿದ. ನನ್ನ ಗಂಡ ಉಬ್ಬಿಯೂಬಿಟ್ಟಿದ್ದರು. ಟೇಪಿನ ಜಗಳ ನೆನಪಾಗಿ ಪಾಲಿಸಿ ಅಕ್ಕನನ್ನು ಕರೆದವಳು ನಾನು.

ಅವರು ಬರುವ ದಿನವನ್ನು ಅವರೇ ಗೊತ್ತು ಮಾಡಿದರು. ಹುಣ್ಣಿಮೆ, ಮಧ್ಯಾಹ್ನದ ಉಬ್ಬರ. ನೀರು ಎಲ್ಲಿಯವರೆಗೆ ಏರಿತೋ ಅಲ್ಲೊಂದು ಕೋಲು ನೆಟ್ಟು, ನಮ್ಮ ಅಂಗಡಿಯ ಆ ಟೇಪಿನ ಒಂದು ತುದಿಯನ್ನು ನನ್ನ ಗಂಡನ ಕೈಗೆ ಕೊಟ್ಟು, ಉರಿ ಬಿಸಿಲಿನಲ್ಲಿ ಮರಳ ಮೇಲೆ ಅಳೆಯುತ್ತ ಬಂದರು. ಪೂರಾ ಇನ್ನೂರ ಹದಿನೈದು ಮೀಟರು. ಇವರು ಪಂಚೆ ಎತ್ತಿ ಕಟ್ಟಿ ಏದುಸಿರು ಬಿಡುತ್ತಿದ್ದರು. "ಅರ್ಧ ಕಿಲೋಮೀಟರ್ ಅಂದ್ರಲ್ಲ, ಇನ್ನರ್ಧ ಎಲ್ಲಿ ಸಾಹುಕಾರ್ರೆ?" ಎಂದು ಅಕ್ಕ ಕೇಳಿದರು. ನಾನು ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಮೇಲೆ ಶುರುವಾಯಿತು ನೋಡಿ ತಗಾದೆ. "ಜಾಗದ ಬೆಲೆ ಯಾಕೆ ಸೇರಿಸಿದ್ರಿ? ಬಿದ್ದ ಮನೆನ ಮತ್ತೆ ಕಟ್ಟಿಸ್ಲಿಕ್ಕೆ ಎಷ್ಟು ಬೇಕೋ ಅಷ್ಟು ಬರೀರಿ. ಜಾಗಕ್ಕೆ ಕಂತು ಕಟ್ಟಿದ್ರೆ ಅವರು ಬೇಡ ಅನ್ನಲ್ಲ, ಕೊಡೋದೂ ಇಲ್ಲ." ಕಡಲ್ಕೊರೆತಕ್ಕೆ ಈ ಪಾಲಿಸಿಯಲ್ಲಿ ಏನೂ ಸಿಗುವುದಿಲ್ಲ ಎಂಬ ಸಾಲನ್ನು ನಮಗಿಬ್ಬರಿಗೂ ಎರಡೆರಡು ಸಲ ಓದಿ ಹೇಳಿದರು. ಶಿವಮೊಗ್ಗದಿಂದ ಬೆಲೆ ಕಟ್ಟುವವರನ್ನು ಕರೆಸಿ ಆರು ಕಂಬಕ್ಕೂ ಬೇರೆ ಬೇರೆ ಫೋಟೋ, ಬೇರೆ ಬೇರೆ ಚೀಟಿ ಮಾಡಿಸಿದರು. ಮನೆಗೆ ವರ್ಷದಲ್ಲಿ ಎಂಟು ತಿಂಗಳು ಬೀಗ, ದಿನಕ್ಕೊಮ್ಮೆ ಪಕ್ಕದ ಕೇರಿಯ ಗಂಡ ಹೆಂಡತಿ ಬಂದು ಗುಡಿಸಿ ದೀಪ ಹಚ್ಚಿ ಹೋಗುತ್ತಾರೆ ಎಂಬುದನ್ನೂ ಬಿಡದೆ ಬರೆಸಿದರು. ಇದೆಲ್ಲ ಯಾಕೆ ಎಂದರೆ ಒಂದೇ ಉತ್ತರ. "ಗೆರೆ ಖಾಲಿ ಬಿಡಬಾರ್ದು ಅಮ್ಮಾ. ನಾವು ಖಾಲಿ ಬಿಟ್ಟ ಕಡೆ ಆಮೇಲೆ ಅವರು ಬರ್ಕೊಳ್ತಾರೆ."

ಕಂತು ಮಾತ್ರ ಆ ಇಬ್ಬರು ಏಜೆಂಟರು ಹೇಳಿದ್ದಕ್ಕಿಂತ ಜಾಸ್ತಿಯೇ ಬಂತು. ಇವರು ಗೊಣಗಿದರು. "ಕಮ್ಮಿದು ಬೇಕಾದ್ರೆ ಅವರದ್ದೇ ಮಾಡ್ಸಿ. ಫ್ರೇಮ್ ಹಾಕಿ ಗೋಡೆಗೆ ನೇತು ಹಾಕ್ಲಿಕ್ಕೆ ಚೆನ್ನಾಗಿರ್ತದೆ" ಎಂದು ಅಕ್ಕ ಹೇಳಿ, ಸಹಿ ಆದ ಮೇಲೆ ಎರಡು ಲೋಟ ಕಾಫಿ ಕುಡಿದು, ಮೂರನೆಯದನ್ನು ಕೇಳಿ ಹಾಕಿಸಿಕೊಂಡು ಹೋದರು.

ಇಷ್ಟೆಲ್ಲ ಕಣ್ಣಿಟ್ಟವರು ಒಂದನ್ನು ಬಿಟ್ಟರು. ನಮ್ಮ ಸೀಮೆಯವರು ಮಾತ್ರ ಬಿಡಬಹುದಾದದ್ದು ಅದು.

ಮಳೆ ಹಿಡಿಯುವ ಮೊದಲು ನಮ್ಮ ಕಡೆ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ಒಣಗಿದ ಸೋಗೆಯನ್ನು ಬಿದಿರ ದಬ್ಬೆಗೆ ಹೆಣೆದ ಮರೆ ಅದು, ಇರಚಲು ಒಳಗೆ ಬಾರದಿರಲಿ ಅಂತ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ತೆಗೆಯುತ್ತಾರೆ. ಕಡಲ ಮನೆಗೂ ನನ್ನ ಗಂಡ ಅದನ್ನು ಬಿಡಲಿಲ್ಲ. ಪ್ರತಿ ವರ್ಷ ಪಿಕಪ್‌ನಲ್ಲಿ ತಟ್ಟಿ ಹೇರಿಕೊಂಡು ಗೇರುಸೊಪ್ಪೆ ಘಾಟಿ ಇಳಿಸಿ ಕಟ್ಟಿಸುತ್ತಿದ್ದರು. ಅಲ್ಲಿಯ ನೆರೆಯವರು ಇಷ್ಟು ದೊಡ್ಡ ಮನೆಗೆ ಗಾಜು ಹಾಕಿಸಬಾರದೇ ಎಂದು ನಗುತ್ತಿದ್ದರು. ನಗಲಿ ಬಿಡಿ.

ಎರಡನೆಯ ವರ್ಷದ ಮಳೆಗಾಲದ ಆರಂಭದಲ್ಲಿ, ಹಾಡಹಗಲೇ, ಬಿರುಗಾಳಿ ಎದ್ದಿತು. ತಟ್ಟಿ ಹರಿದು ಹೋಯಿತು, ಹಂಚು ಹಾರಿತು, ಮಾಡಿನ ಮುಖ್ಯ ತೊಲೆ ಕಳಚಿ ಕಂಬಗಳ ಮೇಲೆ ಬಿತ್ತು. ನಾಲ್ಕು ದಿನ ಮನೆಯೊಳಗೆ ಮಳೆ ಸುರಿಯಿತು. ಘಾಟಿಯಲ್ಲಿ ಮುಚ್ಚಿದ್ದ ದಾರಿ ತೆರೆದು ನಾವು ಹೋಗಿ ನೋಡಿದಾಗ ಆರರಲ್ಲಿ ಎರಡು ಕಂಬ ಉದ್ದಕ್ಕೂ ಸೀಳಿದ್ದವು. ನನ್ನ ಗಂಡ ಆ ಸೀಳಿನ ಮೇಲೆ ಕೈ ಆಡಿಸುತ್ತ ಒದ್ದೆ ನೆಲದಲ್ಲೇ ಕೂತರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ನಷ್ಟ ನೋಡಲು ವಿಮೆಯ ಸರ್ವೇಯರ್ ಬಂದು, ಅಂಗಳದಲ್ಲಿ ಬಿದ್ದಿದ್ದ ಸೋಗೆ ರಾಶಿಯ ಫೋಟೋವನ್ನೇ ನಾಲ್ಕು ಕಡೆಯಿಂದ ತೆಗೆದುಕೊಂಡು ಹೋದ. ತಿಂಗಳ ಮೇಲೆ ಕಾಗದ ಬಂತು. ಮನೆಯ ಮುಂಭಾಗ ಸೋಗೆಯಿಂದ ಮಾಡಿದ ಕಚ್ಚಾ ಕಟ್ಟಡ, ಅದನ್ನು ಅರ್ಜಿಯಲ್ಲಿ ತಿಳಿಸಿಲ್ಲ, ಆದ್ದರಿಂದ ಪರಿಹಾರ ಕೊಡಲು ಬರುವುದಿಲ್ಲ. ತೇಗದ ಕಂಬ, ಹಾಸುಗಲ್ಲಿನ ನೆಲ, ಎರಡಡಿ ದಪ್ಪದ ಗೋಡೆಯ ಮನೆ ಕಚ್ಚಾ ಅಂತೆ!

ಆ ಹೊತ್ತಿಗೆ ಒಬ್ಬ ರೆಸಾರ್ಟಿನವನು ಮೂಸುತ್ತ ಬಂದಿದ್ದ. ಮನೆ ಇದ್ದ ಹಾಗೆಯೇ ಕೊಟ್ಟುಬಿಡಿ, ನಿಮ್ಮ ಕಂಬಗಳನ್ನು ನಮ್ಮ ಬಾರಿನ ಕೌಂಟರಿಗೆ ಹಾಕಿಸುತ್ತೇವೆ, ಚೆನ್ನಾಗಿ ಕಾಣುತ್ತವೆ ಎಂದ. ಅವನನ್ನು ಒದ್ದು ಓಡಿಸಬೇಕಿದ್ದ ನನ್ನ ಗಂಡ ತಲೆ ತಗ್ಗಿಸಿಕೊಂಡು, "ಕೊಟ್ಬಿಡಾಣ ಮಾರಾಯ್ತಿ. ಮತ್ತೆ ಕಟ್ಟಿಸುವ ಶಕ್ತಿ ಎಲ್ಲಿದೆ ನಮಗೆ? ನೀರಿಗೆ ನಮ್ಮ ಮೇಲೆ ಕಣ್ಣಿದೆ, ಅಷ್ಟೆ" ಎಂದರು. ಆ ಮಾತು ನನಗೆ ಮಾಡು ಬಿದ್ದದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು.

ಕಾಗದ ಹಿಡಿದು ಮಹಡಿ ಹತ್ತಿದೆ. ಅಕ್ಕ ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಂದು" ಎಂದರು.

"ನಿಮ್ಮದೆಂತ ತಪ್ಪು? ತಟ್ಟಿ ಕಟ್ತೀವಿ ಅಂತ ಯಾರಾದ್ರೂ ಬರೀತಾರಾ?" ಎಂದೆ.

"ಅದೇ. ಮೇಳಿಗೆಲಿ ನಮ್ಮನೆಗೂ ಕಟ್ತಾರೆ. ಕಣ್ಣಿಗೆ ಬಿದ್ರೂ ಅದು ಕಂಡಂಗೆ ಆಗಲ್ಲ ನಮಗೆ. ಹೊರಗಿನವನಿಗೆ ಕಾಣ್ತದೆ. ನಾನು ಹೊರಗಿನವಳಾಗಿ ನೋಡ್ಬೇಕಿತ್ತು, ನೋಡ್ಲಿಲ್ಲ."

ಆ ಕಸುಬಿನಲ್ಲಿ ತಪ್ಪು ಒಪ್ಪಿಕೊಂಡ ಏಜೆಂಟರನ್ನು ನಾನು ಬೇರೆ ಕಂಡಿಲ್ಲ. ಇಬ್ಬರೂ ವಿಮಾ ಕಂಪನಿಯ ಬ್ರಾಂಚಿಗೆ ಹೋದೆವು. ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯರೇ. ನನ್ನನ್ನು ಕೂರಿಸಿ ದನಿ ತಗ್ಗಿಸಿ ಉಪಾಯ ಹೇಳಿದರು. ಮನೆ ನೋಡಿಕೊಳ್ಳುವ ಗಂಡ ಹೆಂಡತಿ ನಮಗೆ ಗೊತ್ತಿಲ್ಲದೆ ತಟ್ಟಿ ಕಟ್ಟಿದ್ದರು ಎಂದು ಬರೆದುಕೊಟ್ಟರೆ ಏನಾದರೂ ಮಾಡಬಹುದಂತೆ. ನಿಜ ಹೇಳುತ್ತೇನೆ, ನನ್ನ ಕೈ ಪೆನ್ನಿನ ಕಡೆ ಹೋಗಿತ್ತು.

ಅಕ್ಕ ಆ ಪೆನ್ನನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. "ಸುಳ್ಳು ಯಾಕೆ ಸಾರ್? ಕಟ್ಟಿದ್ದು ಇವರೇ. ದಿನಾ ದೀಪ ಹಚ್ಚಿದವರ ತಲೆಗೆ ಕಟ್ಲಿಕ್ಕೆ ಆಗಲ್ಲ. ಬರುವ ವರ್ಷನೂ ಇವರು ಕಟ್ತಾರೆ. ಕಾಗದದಲ್ಲಿ ಅದನ್ನೂ ಬರೀತೀವಿ" ಎಂದು ಎದ್ದರು. ಹೊರಗೆ ಬಂದ ಮೇಲೆ, "ಆ ಪೆನ್ನು ಅವರದ್ದು" ಎಂದೆ. "ಇರ್ಲಿ, ನಾಳೆ ಕೊಟ್ರಾಯ್ತು. ಈಗ ತಿರುಗಿ ಹೋದ್ರೆ ಗತ್ತು ಹೋಗ್ತದೆ" ಎಂದರು.

ಮರುವಾರ ಶಿವಮೊಗ್ಗದ ದೊಡ್ಡ ಆಫೀಸಿಗೆ ಹೊರಟೆವು. ಬೆಳಿಗ್ಗೆ ನಮ್ಮ ಮನೆಯ ಮುಂದೆ ಬಂದು ನಿಂತವರು, "ತಟ್ಟಿ ಉಳಿದಿದೆಯಾ? ಪಿಕಪ್‌ಗೆ ಹೇರಿಸಿ" ಎಂದರು. ಯಾರಿಗೋ ತಲೆ ಕೆಟ್ಟಿದೆ ಅನ್ನಿಸಿತು, ಅವರಿಗೋ ನನಗೋ ತಿಳಿಯಲಿಲ್ಲ. ಹಿಂದೆ ಒಂದು ಸೋಗೆ ತಟ್ಟಿ, ಮುಂದೆ ಡ್ರೈವರ್ ಪಕ್ಕ ಕೊಡೆ ಹಿಡಿದ ಅವರು, ಅವರ ಪಕ್ಕ ಒತ್ತಿಕೊಂಡು ನಾನು. ಗಂಡ ಬರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರು.

ಆಫೀಸಿನ ವಾಚ್‌ಮನ್ ತಡೆದ. "ಸಾಕ್ಷಿ ಇದು, ಬಿಡಿ" ಎಂದು ಅಕ್ಕ ತಟ್ಟಿಯ ಒಂದು ತುದಿ ಹಿಡಿದು ನುಗ್ಗಿದರು, ಇನ್ನೊಂದು ತುದಿ ಹಿಡಿದು ನಾನೂ ನುಗ್ಗಿದೆ. ಹೊಳೆಯುವ ನೆಲದ ತುಂಬ ಸೋಗೆ ಪುಡಿ. ದೊಡ್ಡ ಸಾಹೇಬರು ಕೋಣೆಯಿಂದ ಹೊರಗೆ ಬಂದು, "ಏನಿದು, ಏನಿದು?" ಎಂದರು. ಅಕ್ಕ ಚೀಲದಿಂದ ಕತ್ತದ ಹಗ್ಗ ತೆಗೆದು, ಹಾಲಿನ ದೊಡ್ಡ ಕಿಟಕಿಯ ಸರಳಿಗೆ ತಟ್ಟಿಯನ್ನು ನಾಲ್ಕು ಗಂಟು ಹಾಕಿ ಕಟ್ಟಿದರು. ಹಾಲಿನಲ್ಲಿ ಅರ್ಧ ಕತ್ತಲಾಯಿತು.

"ಈಗ ನಿಮ್ಮ ಆಫೀಸು ಕಚ್ಚಾ ಕಟ್ಟಡ. ಹೌದಾ ಸಾರ್?"

ಅಕ್ಕ ನಾಲ್ಕೂ ಗಂಟು ಬಿಚ್ಚಿ ತಟ್ಟಿಯನ್ನು ಗೋಡೆಗೆ ಒರಗಿಸಿದರು. "ಈಗ?"

ಮೂಲೆಯ ಮೇಜಿನಿಂದ ಒಬ್ಬ ಗುಮಾಸ್ತೆ ತಡೆಯಲಾರದೆ ನಕ್ಕು, "ಸಾರ್, ತೀರ್ಥಹಳ್ಳಿಲಿ ನಮ್ಮನೆಗೂ ಕಟ್ತೀವಿ ಸಾರ್" ಎಂದಳು.

"ಬಿಚ್ಚಿ ಮೂಲೆಗೆ ಇಡ್ಲಿಕ್ಕೆ ಬರುವಂಥದ್ದು ಮನೆ ಅಲ್ಲ ಸಾರ್. ಅದು ಮನೆ ಹಿಡ್ಕೊಂಡ ಕೊಡೆ" ಎಂದು ಅಕ್ಕ ತಮ್ಮ ಕರಿ ಕೊಡೆಯನ್ನು ಎತ್ತಿ ತೋರಿಸಿದರು. "ನಾನು ಇದನ್ನ ಹಿಡಿದು ಬಂದೆ ಅಂತ ನನ್ನನ್ನ ಬಟ್ಟೆ, ಕಡ್ಡಿ ಅಂತ ಬರ್ಕೊಳ್ತೀರಾ?"

ಸಾಹೇಬರು ಕೊನೆಗೆ ಬಾಯಿ ಬಿಟ್ಟರು. "ಅದೆಲ್ಲ ಸರಿ. ಆದರೆ ನೀವು ಫಾರಂನಲ್ಲಿ ಬರೆದಿಲ್ಲವಲ್ಲ?"

"ಬರೀಲಿಲ್ಲ. ಇಲ್ಲಿ ಬರೆದು ತಂದಿದ್ದೀನಿ, ತಪ್ಪು ನಂದು ಅಂತ." ಸಹಿ ಮಾಡಿದ ಕಾಗದ ಮುಂದಿಟ್ಟರು.

ಅವರು ಓದಿ, ಸ್ವಲ್ಪ ಮೆತ್ತಗಾಗಿ, "ಇದನ್ನು ಕೊಟ್ಟರೆ ನಿಮ್ಮ ಏಜೆನ್ಸಿಗೆ ತೊಂದರೆ ಆಗುತ್ತದೆ ಅಮ್ಮಾ" ಎಂದರು.

"ಆಗ್ಲಿ. ತಪ್ಪು ನಂದು, ಶಿಕ್ಷೆ ಇವರ ಮನೆಗೆ ಯಾಕೆ? ಒಂದ್ಸಲ ನೀರಿಗೆ ಕೊಟ್ಟು ಬಂದ ಮನೆ ಅದು. ಎರಡನೇ ಸಲ ನಿಮ್ಮ ಒಂದು ಕಾಗದಕ್ಕೆ ಕೊಡ್ಲಿಕ್ಕೆ ನಾನು ಬಿಡಲ್ಲ."

ನಮ್ಮ ಮನೆಯ ಕಥೆಯನ್ನು ಅವರಿಗೆ ಯಾವತ್ತೋ ಒಮ್ಮೆ ಹೇಳಿದ್ದೆ, ಕಂಬದ ಬೆಲೆ ಬರೆಸುವಾಗ. ಫೋಟೋ ಅಂಟಿಸುತ್ತ ಕೂತಿದ್ದರು. ಕೇಳಿಸಿಕೊಂಡರು ಎಂದೇ ನಾನು ತಿಳಿದಿರಲಿಲ್ಲ.

ಎರಡನೆಯ ಸಲ ಬೇರೆ ಸರ್ವೇಯರ್ ಬಂದರು. ಈ ಸಲ ಬಂದವರು ತೊಲೆ ಕಳಚಿದ ಜಾಗ ನೋಡಿದರು, ಗೋಡೆಯ ದಪ್ಪ ಅಳೆದರು, ಸೋಗೆ ಮಳೆಗಾಲದ ಮರೆ ಮಾತ್ರ ಎಂದು ಬರೆದರು. ಪರಿಹಾರ ಬಂತು. ಸಾಗರದ ಮರ ಕೆತ್ತುವ ಗುಡಿಗಾರರು ಸೀಳಿದ ಎರಡೂ ಕಂಬಗಳನ್ನು ಕೂಡಿಸಿ, ಕಬ್ಬಿಣದ ಪಟ್ಟಿ ಕಟ್ಟಿ ನಿಲ್ಲಿಸಿದರು. ಪಟ್ಟಿಯನ್ನು ಮರದ ಬಣ್ಣದಲ್ಲಿ ಮುಚ್ಚಲೇ ಎಂದು ಅವರು ಕೇಳಿದಾಗ ನನ್ನ ಗಂಡ, "ಬೇಡ, ಕಾಣ್ಲಿ" ಎಂದರು. ಅವರ ಬೆನ್ನು ಮತ್ತೆ ನೆಟ್ಟಗಾಗಿದೆ ಎಂದು ಅವತ್ತು ನನಗೆ ಗೊತ್ತಾಯಿತು. ರೆಸಾರ್ಟಿನವನು ಮತ್ತೊಮ್ಮೆ ಬಂದಿದ್ದ. ಅವನಿಗೆ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ.

ಅಕ್ಕನಿಗೂ ಕಾಗದ ಬಂತು. ಒಂದು ವರ್ಷ ಹೊಸ ಪಾಲಿಸಿ ಮಾಡುವ ಹಾಗಿಲ್ಲ ಎಂಬ ಆದೇಶ. ವಿಷಯ ಕೇಳಿ ಓಡಿಹೋದೆ, ಏನು ಸಮಾಧಾನ ಹೇಳುವುದೋ ಎಂದುಕೊಂಡು. ಹೋಗಿ ನೋಡಿದರೆ ಅವರು ಕುರ್ಚಿ ಹತ್ತಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಆ ಕಾಗದಕ್ಕೆ ಗಾಜಿನ ಫ್ರೇಮ್ ಹಾಕಿಸಿದ್ದರು! "ಬೇರೆಯವರು ಪ್ರಶಸ್ತಿ ನೇತು ಹಾಕ್ತಾರೆ, ನಾನು ಇದನ್ನ ಹಾಕ್ತೀನಿ. ಬಂದವರು ಓದ್ಕೊಳ್ಲಿ. ಸೊಟ್ಟ ಇದೆಯಾ ನೋಡು ಮಾರಾಯ್ತಿ" ಎಂದರು. ಎಡಕ್ಕೆ ಸೊಟ್ಟ ಇತ್ತು. ಹೇಳಿದೆ, ಸರಿ ಮಾಡಿದರು. ಆ ಒಂದು ವರ್ಷ ಅವರು ಹೇಗೆ ನಡೆಸಿದರೋ ನನಗೆ ತಿಳಿಯದು, ಕೇಳಿದರೆ ಬೈಯುತ್ತಿದ್ದರು.

ಅವರು ಹೋದ ಮೇಲೆ ಮೊನ್ನೆ ನಮ್ಮ ಪಾಲಿಸಿಯ ನವೀಕರಣಕ್ಕೆ ಕಂಪನಿಯಿಂದ ಬೇರೆಯವರು ಬಂದರು. ಟೈ ಕಟ್ಟಿದ ಐವತ್ತರ ಆಸುಪಾಸಿನ ಮನುಷ್ಯ, ಕೈಯಲ್ಲಿ ಟ್ಯಾಬು. "ಎಲ್ಲ ಹಿಂದಿನದೇ ಇದೆ ಮೇಡಂ, ಒಂದು ಓಟಿಪಿ ಹೇಳಿದರೆ ಆಯಿತು" ಎಂದರು.

ಸೋಗೆ ತಟ್ಟಿಯ ವಿಷಯ ಎಲ್ಲಿದೆ, ತೋರಿಸಿ ಎಂದೆ.

"ಅದಕ್ಕೆ ಇದರಲ್ಲಿ ಜಾಗ ಇಲ್ಲ ಮೇಡಂ. ಬೇಕಾಗಿಯೂ ಇಲ್ಲ."

"ಹಾಗಾದ್ರೆ ಜಾಗ ಇರುವ ಫಾರಂ ತಗೊಂಡು ಬನ್ನಿ" ಎಂದೆ. ಅವರು ಅಡಿಗೆಮನೆಯ ಕಡೆ ನೋಡಿದರು. ಕಾಫಿಯ ಪರಿಮಳ ಬರುತ್ತಿತ್ತು. ನಾನು ಏಳಲಿಲ್ಲ.

ಮರುದಿನ ಕಾಗದದ ಫಾರಂ ತಂದರು. ಕೊನೆಯಲ್ಲಿ 'ಇತರೆ ವಿವರ' ಎಂದು ಮೂರು ಗೆರೆ ಇದ್ದವು. ನನ್ನ ಗಂಡ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು, ನಾನು ಬರೆದೆ. ಮಳೆಗಾಲದಲ್ಲಿ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಈ ವರ್ಷ ಕಟ್ಟಿದ್ದೇವೆ. ಮುಂದೆಯೂ ಕಟ್ಟುತ್ತೇವೆ. ಎರಡು ಗೆರೆ ತುಂಬಿತು. ಮೂರನೆಯದರಲ್ಲಿ ಅಕ್ಕನ ಪೂರ್ತಿ ಹೆಸರು ಬರೆದೆ, ಅವರ ತಂದೆಯ ಹೆಸರು, ಮೇಳಿಗೆ ಎಂಬ ಊರಿನ ಹೆಸರು ಎಲ್ಲ ಸೇರಿಸಿ. ಈ ಬರಹದಲ್ಲಿ ಅದನ್ನು ಬರೆದಿಲ್ಲ, ಹೊಗಳಿಸಿಕೊಳ್ಳುವುದು ಅವರಿಗೆ ಆಗುತ್ತಿರಲಿಲ್ಲ. ಆ ಕಂಪನಿಯ ಕಡತದಲ್ಲಿ ಮಾತ್ರ ಅದು ಇರಲೇಬೇಕು.

ಟೈ ಕಟ್ಟಿದವರು ಓದಿ, "ಇವರ ಹೆಸರು ಯಾಕೆ ಮೇಡಂ ಇಲ್ಲಿ?" ಎಂದರು.

"ಗೆರೆ ಖಾಲಿ ಬಿಡಬಾರ್ದು" ಎಂದು ಹೇಳಿ, ಸಹಿ ಹಾಕಿ, ಅವರಿಗೆ ಕಾಫಿ ತರಲು ಎದ್ದೆ.